ಬೀದಿ ದೀಪಕ್ಕೂ ಬಿಲ್ ಬರುತ್ತೆ ಸ್ವಾಮಿ: ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಹಣಕಾಸು ಸಚಿವರಿಗೆ ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆಯ ಬಯಲು ಭಾಗದ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವಳು. ಮೊದಲ ಮೂವತ್ತು ತಿಂಗಳು ಅಧ್ಯಕ್ಷೆಯಾಗಿದ್ದೆ. ಪಂಚಾಯಿತಿಯ ಹೆಸರು ಬರೆಯುತ್ತಿಲ್ಲ. ಬರೆದರೆ ನಾಳೆ ಬೆಳಿಗ್ಗೆ ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ ಮೇಲಿಂದ ಫೋನ್ ಬರುತ್ತದೆ. ಪಾಪ, ಇದರಲ್ಲಿ ಅವರದೇನೂ ತಪ್ಪಿಲ್ಲ. ನಮ್ಮ ಅವಧಿ ಮುಗಿಯುತ್ತಾ ಬಂದಿದೆ, ನಿಮ್ಮ ಮುಂದಿನ ಬಜೆಟ್ಟಿನ ತಯಾರಿ ನಡೆಯುತ್ತಿದೆ. ಕುರ್ಚಿ ಬಿಡುವ ಮುಂಚೆ ಕಂಡದ್ದನ್ನು ಹೇಳಿಬಿಡೋಣ ಅಂತ ಈ ಪತ್ರ.

ಹೋದ ವರ್ಷ ನಮ್ಮೂರ ಮಾರಮ್ಮನ ಜಾತ್ರೆಗೆ ಇನ್ನು ಎಂಟು ದಿನ ಇತ್ತು. ಲೈನ್‌ಮನ್ ಬಂದು ಬೀದಿ ದೀಪದ ಫ್ಯೂಸ್ ಕಿತ್ತುಕೊಂಡು ಹೊರಟ. ನಾನು ಅಡ್ಡ ನಿಂತೆ. "ಬೇಜಾರ್ ಮಾಡ್ಕೋಬೇಡಿ ಅಕ್ಕ, ಮೇಲಿಂದ ಆರ್ಡರು. ನಿಮ್ ಪಂಚಾಯ್ತಿ ಬಾಕಿ ಜಾಸ್ತಿ ಆಗೈತೆ" ಅಂದ. ಅವನ ಹತ್ತಿರ ಜಗಳ ಆಡಿ ಏನು ಬಂತು? ಅವನೂ ನಮ್ಮ ಪಕ್ಕದ ಊರಿನವನೇ.

ಅವತ್ತು ರಾತ್ರಿ ಬೀದಿಗೆ ಬಂದು ನಿಂತು ನೋಡಿದೆ. ಎಲ್ಲ ಮನೆಯ ಕಿಟಕಿಯಲ್ಲೂ ಬೆಳಕಿತ್ತು. ಬೀದಿ ಮಾತ್ರ ಕಗ್ಗತ್ತಲು. ಮನೆಯೊಳಗಿನ ಬಲ್ಬಿಗೆ ಗೃಹಜ್ಯೋತಿ ಇದೆ, 200 ಯೂನಿಟ್ ಮಿತಿಯೊಳಗಿದ್ದರೆ ದುಡ್ಡು ಕಟ್ಟಬೇಕಿಲ್ಲ. ಕಂಬದ ಬಲ್ಬಿಗೆ ಬಿಲ್ ಬರುತ್ತದೆ. ಊರ ಹೊರಗೆ ಅಡಿಕೆ ತೋಟದಲ್ಲಿ ಓಡುವ ಮೋಟಾರಿಗೆ, 10 ಎಚ್‌ಪಿವರೆಗೆ ಬಿಲ್ ಇಲ್ಲ. ಅದೇ ತೋಟದ ಬೇಲಿ ಪಕ್ಕದಲ್ಲಿರುವ ಪಂಚಾಯಿತಿ ಬೋರ್‌ವೆಲ್ಲಿನ ಮೋಟಾರಿಗೆ ಇದೆ. ಅದು ಎತ್ತುವುದು ಊರಿನವರು ಕುಡಿಯುವ ನೀರು. ಅಡಿಕೆಗೆ ಪುಕ್ಕಟೆ, ಮನುಷ್ಯರಿಗೆ ಮೀಟರು. ಇದನ್ನು ಗ್ರಾಮಸಭೆಯಲ್ಲಿ ನಾನು ಹೇಳಿದರೆ ಜನ ನಕ್ಕರು. ಆಮೇಲೆ ಒಬ್ಬರು "ಯಾಕಂಗೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ತಿಳಿಸಿ, ಮುಂದಿನ ಸಭೆಯಲ್ಲಿ ಓದಿ ಹೇಳುತ್ತೇನೆ.

ಆ ಬಿಲ್ಲಿನ ದುಡ್ಡು ಓಡಾಡುವ ದಾರಿಯೂ ವಿಚಿತ್ರ. ಸರ್ಕಾರ ನಮಗೆ ಶಾಸನಬದ್ಧ ಅನುದಾನ ಅಂತ ಕೊಡುತ್ತದೆ. ಅದರಲ್ಲಿ ಒಂದು ಪಾಲನ್ನು ಕರೆಂಟ್ ಬಿಲ್ಲಿಗೆ ಅಂತ ಮೊದಲೇ ಎತ್ತಿಡಬೇಕು. ಅದು ಹೋಗುವುದು ಸರ್ಕಾರದ್ದೇ ಆದ ವಿದ್ಯುತ್ ಕಂಪನಿಗೆ. ಎಡಗೈಯಿಂದ ಬಲಗೈಗೆ ಹೋದ ಹಾಗೆ. ಆದರೂ ಬಾಕಿ ತೀರುವುದಿಲ್ಲ, ಬಡ್ಡಿ ಸೇರುತ್ತಾ ಹೋಗುತ್ತದೆ. ಮೀಟರೇ ಕೆಟ್ಟಿರುವ ಬೋರಿಗೂ, ನೀರು ಬತ್ತಿ ಹೋದ ಬೋರಿಗೂ ನಮ್ಮಲ್ಲಿ ಬಿಲ್ ಬಂದದ್ದುಂಟು. ಅದನ್ನು ತೆಗೆಸಲು ನಾನು ಎಷ್ಟು ಸಲ ಅಲೆದೆ ಅಂತ ಬರೆಯುತ್ತಾ ಕೂತರೆ ಪತ್ರ ಮುಗಿಯುವುದಿಲ್ಲ. ಇಷ್ಟಕ್ಕೂ ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಬಿಸಿಲು ನಮ್ಮದೇ, ಕರೆಂಟೂ ಇಲ್ಲೇ ಹುಟ್ಟುತ್ತದೆ, ಕತ್ತಲೂ ನಮ್ಮ ಬೀದಿಗೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸರ್ಕಾರದ ಗ್ಯಾರಂಟಿ ಯೋಜನೆಗಳ ವಿರುದ್ಧದ ಪತ್ರ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ನನ್ನ ಖಾತೆಗೂ ಬರುತ್ತದೆ. ಅದು ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ಸಂಘದ ಕಂತಿಗೆ ಗಂಡನ ಮುಂದೆ ಕೈ ಚಾಚುವುದು ಕಡಿಮೆಯಾಗಿದೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ಆ ದುಡ್ಡನ್ನು ಬಿಟ್ಟಿ ಅನ್ನುವವರ ಜೊತೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ನನ್ನ ಪ್ರಶ್ನೆ ಬೇರೆ. 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್ 4,09,549 ಕೋಟಿಯದು. ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ 26,735 ಕೋಟಿ. ಕೇಳಲು ಇದೂ ದೊಡ್ಡದೇ. ಆದರೆ ಅದರಲ್ಲಿ ರಸ್ತೆ ಇದೆ, ನೀರಿನ ದೊಡ್ಡ ದೊಡ್ಡ ಯೋಜನೆಗಳಿವೆ, ಸಂಬಳ ಇದೆ. ನಮ್ಮೂರ ಸಭೆ ಕೂತು "ಈ ವರ್ಷ ಇದನ್ನು ಮಾಡೋಣ" ಅಂತ ತೀರ್ಮಾನ ಮಾಡಿ ಖರ್ಚು ಮಾಡಬಹುದಾದ ದುಡ್ಡು ಎಷ್ಟು? ಹುಡುಕಿದರೆ ಕೊನೆಗೆ ಸಿಗುವುದು ಚಿಲ್ಲರೆ.

ಲೆಕ್ಕ ನೋಡಿ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2026ರ ಮಾರ್ಚ್‌ವರೆಗಿನದು) ನೂರಕ್ಕೆ 60 ರೂಪಾಯಿ ನೀರಿಗೆ ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ 40 ನಮ್ಮಿಷ್ಟ ಅನ್ನುತ್ತಾರೆ, ಆದರೆ ಅದರಲ್ಲಿ ಸಂಬಳ ಕೊಡುವ ಹಾಗಿಲ್ಲ. ಹಾಗಾದರೆ ಊರಿಗೆ ನೀರು ಬಿಡುವ ನೀರಗಂಟಿಗೆ ಸಂಬಳ ಎಲ್ಲಿಂದ? ಕರೆಂಟ್ ಬಿಲ್ಲಿಗೆ ಹೋಗಿ ಉಳಿದ ಶಾಸನಬದ್ಧ ಅನುದಾನ ಮತ್ತು ಮನೆ ಕಂದಾಯ, ಇವೆರಡರಲ್ಲೇ ಆಗಬೇಕು. ಬಿಲ್ ಕಲೆಕ್ಟರ್, ಅಟೆಂಡರ್, ಕಂಪ್ಯೂಟರ್ ಆಪರೇಟರ್, ಕಸದ ಗಾಡಿ ಓಡಿಸುವ ಹೆಣ್ಣುಮಗಳು, ಎಲ್ಲರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಸರ್ಕಾರ ಕನಿಷ್ಠ ವೇತನ ಏರಿಸಿದಾಗ ಪೇಪರಿನಲ್ಲಿ ಓದಿ ನಮಗೂ ಖುಷಿಯೇ. ಮರುದಿನ ಪಿಡಿಒ ಕ್ಯಾಲ್ಕುಲೇಟರ್ ಹಿಡಿದು ಕೂತಾಗ ಖುಷಿ ಇಳಿಯುತ್ತದೆ. ಏರಿಸಿದ ಆದೇಶ ಬರುತ್ತದೆ, ಅದಕ್ಕೆ ತಕ್ಕ ದುಡ್ಡು ಬರುವುದಿಲ್ಲ.

ಒಂದು ದೀಪಾವಳಿಗೆ ನಮ್ಮ ನೀರಗಂಟಿಗೆ ನಾಲ್ಕು ತಿಂಗಳ ಸಂಬಳ ಬಾಕಿ ಇತ್ತು. ಆಗ ನಾನೇ ಅಧ್ಯಕ್ಷೆ. ಪೇಮೆಂಟ್ ಮಾಡುವ ಡೋಂಗಲ್ ನನ್ನ ಕೈಯಲ್ಲಿತ್ತು, ಖಾತೆಯಲ್ಲಿ ದುಡ್ಡಿರಲಿಲ್ಲ. ಅವನು ಬೈಯಲಿಲ್ಲ. "ಮೆಂಬ್ರಮ್ಮ, ಹಬ್ಬಕ್ಕೆ ಹುಡುಗ್ರಿಗೆ ಬಟ್ಟೆ ತರ್ಬೇಕಿತ್ತು" ಅಂತಷ್ಟೇ ಹೇಳಿದ. ಮಾರನೆಯ ದಿನ ಬೆಳಗಿನ ಜಾವ ಐದಕ್ಕೆ ಎದ್ದು ವಾಲ್ವ್ ತಿರುಗಿಸಿದ. ಹಬ್ಬದ ದಿನ ಊರಿಗೆಲ್ಲ ನೀರು ಬಂತು. ಅವನು ಒಂದು ದಿನ ಮುಷ್ಕರ ಮಾಡಿದ್ದರೆ ನನ್ನ ಮನೆ ಮುಂದೆ ಖಾಲಿ ಕೊಡಗಳ ಸಾಲು ನಿಂತಿರುತ್ತಿತ್ತು. ವಿಧಾನಸೌಧದ ಮುಂದೆ ಅಲ್ಲ.

ನೀರಿನ ವಿಷಯ ಇನ್ನೂ ಇದೆ. ನಮ್ಮ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಪಾವಗಡ, ಶಿರಾ, ಮಧುಗಿರಿ ಕಡೆ ಹಲ್ಲು ಕಂದಾದವರನ್ನು, ಮಂಡಿ ಬಾಗಿದವರನ್ನು ನೀವೂ ನೋಡಿರುತ್ತೀರಿ. ಹಾಗಾಗಿ ಶುದ್ಧ ನೀರಿನ ಘಟಕ ಬಂತು. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಕಟ್ಟಿದವರು ಫೋಟೊ ತೆಗೆಸಿಕೊಂಡು ಹೋದರು. ಕೆಲವು ವರ್ಷ ಆದ ಮೇಲೆ ನಿರ್ವಹಣೆ ಪಂಚಾಯಿತಿ ತಲೆಗೆ ಬಂತು. ಒಳಗೆ ನೀರು ಸೋಸುವ ಮೆಂಬ್ರೇನ್ ಬದಲಿಸಬೇಕು ಅಂದರೆ ಕಾಯಿನ್ ಬಾಕ್ಸಿನ ದುಡ್ಡು ಎಲ್ಲಿಗೂ ಸಾಲುವುದಿಲ್ಲ. ನಮ್ಮ ಎರಡು ಘಟಕಗಳಲ್ಲಿ ಒಂದು ಈಗ ಗೋಡೌನ್ ಆಗಿದೆ, ಅದರೊಳಗೆ ಗಣಪತಿ ಪೆಂಡಾಲಿನ ಸಾಮಾನಿದೆ. ಆಮೇಲೆ ಕೇಂದ್ರದ ಜಲಜೀವನ್ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ಅದರ ಹೆಸರು ಮನೆ ಮನೆಗೆ ಗಂಗೆ. ಸಿಮೆಂಟ್ ರಸ್ತೆ ಅಗೆದು ಪೈಪ್ ಹೂತರು, ಮನೆ ಮುಂದೆ ನಲ್ಲಿ ನಿಲ್ಲಿಸಿದರು. ಇದು ಒಳ್ಳೆಯ ಕೆಲಸ. ಕೊಡ ಹೊತ್ತವಳಿಗೇ ಗೊತ್ತು ಮನೆ ಮುಂದಿನ ನಲ್ಲಿಯ ಬೆಲೆ. ಆದರೆ ಪೈಪು ಒಡೆದರೆ, ಮೋಟಾರು ಸುಟ್ಟರೆ, ಅಗೆದ ರಸ್ತೆ ಮಳೆಗಾಲದಲ್ಲಿ ಕುಸಿದರೆ ಅದು ಯಾರ ಖರ್ಚು? ಹಸ್ತಾಂತರ ಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಜೊತೆಗೆ ಒಂದು ರೂಪಾಯಿಯೂ ಹಸ್ತಾಂತರ ಆಗಲಿಲ್ಲ.

ಪ್ರತಿ ಬಜೆಟ್ಟಿನಲ್ಲೂ ಕಟ್ಟುವುದಕ್ಕೆ ದುಡ್ಡಿರುತ್ತದೆ, ಕಾಪಾಡುವುದಕ್ಕೆ ಇರುವುದಿಲ್ಲ. ಕಟ್ಟಿದ್ದಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಮೋಟಾರ್ ವೈಂಡಿಂಗ್ ಮಾಡಿಸಿದ್ದಕ್ಕೆ ಯಾರು ತಾನೇ ಕಲ್ಲು ನೆಡುತ್ತಾರೆ?

ನಮ್ಮ ಮಾವನವರು 1987ರಲ್ಲಿ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಯ ಹಾಗೆ ಆಗ ಇದ್ದದ್ದು) ಸದಸ್ಯರಾಗಿದ್ದರು. ಈಗಲೂ ಜಗಲಿ ಮೇಲೆ ಕೂತು ಆ ಕಾಲದ ಮಾತು ತೆಗೆಯುತ್ತಾರೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತ ಹೆಸರಾದವರು. ಈಗಿನ ಜಿಲ್ಲಾ ಪಂಚಾಯಿತಿಯ ಜಾಗದಲ್ಲಿದ್ದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ಆಗ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಮಾವನವರ ನೆನಪಿನಲ್ಲಿ ಸ್ವಲ್ಪ ಬಣ್ಣ ಸೇರಿರಬಹುದು, ವಯಸ್ಸಾದವರಿಗೆ ಹಳೆಯದೆಲ್ಲ ಚಿನ್ನ. ಆದರೆ ಒಂದಂತೂ ನಿಜ. ಜಿಲ್ಲೆಗೆ ಬರುವ ದುಡ್ಡನ್ನು ಬೇರೆಯಾಗಿ ತೋರಿಸುವ ಪದ್ಧತಿ ಆಗಿನದು. ಅದೇ ಲಿಂಕ್ ಪುಸ್ತಕ. ಇವತ್ತಿಗೂ ನಿಮ್ಮ ಬಜೆಟ್ ಕಟ್ಟಿನ ಜೊತೆ ಬರುತ್ತದೆ.

ನಾನು ಆ ಪುಸ್ತಕ ತೆಗೆಸಿ ನೋಡಿದೆ. ಓದಲು ಮಗಳು ಸಹಾಯ ಮಾಡಿದಳು, ಬಿಕಾಂ ಓದುತ್ತಿದ್ದಾಳೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅಂತ ಸಾಲು ಸಾಲು ಅಂಕಿ. ಬಹುಪಾಲು ಸಂಬಳ. ಮೇಷ್ಟ್ರುಗಳ ಸಂಬಳ, ಆಸ್ಪತ್ರೆಯವರ ಸಂಬಳ. ಆ ಮೇಷ್ಟ್ರುಗಳನ್ನು ನೇಮಿಸುವುದು, ವರ್ಗ ಮಾಡುವುದು ಯಾವುದೂ ಪಂಚಾಯಿತಿ ಕೈಯಲ್ಲಿಲ್ಲ. ಅವರ ಸಂಬಳ ಮಾತ್ರ ಪಂಚಾಯಿತಿಗೆ ಕೊಟ್ಟ ದುಡ್ಡು ಅಂತ ಲೆಕ್ಕ. "ಅಮ್ಮ, ಇದು ಪೋಸ್ಟ್‌ಮನ್ ಕೈಗೆ ಮನಿ ಆರ್ಡರ್ ಕೊಟ್ಟು ಅವನನ್ನ ಸಾಹುಕಾರ ಅಂದಂಗಾಯ್ತು" ಅಂದಳು ಮಗಳು. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ರಾಜ್ಯ ಹಣಕಾಸು ಆಯೋಗ ಅಂತ ಒಂದಿದೆ. ಸಂವಿಧಾನದ 243-ಐ ವಿಧಿ ಪ್ರಕಾರ ಐದು ವರ್ಷಕ್ಕೊಮ್ಮೆ ಕೂತು, ರಾಜ್ಯದ ಸ್ವಂತ ಆದಾಯದಲ್ಲಿ ಸ್ಥಳೀಯ ಸಂಸ್ಥೆಗಳ ಪಾಲು ಎಷ್ಟು ಅಂತ ಹೇಳಬೇಕಾದ ಆಯೋಗ. ನಮ್ಮಲ್ಲಿ ಮೊದಲನೆಯದು ನೂರಕ್ಕೆ 36 ಅಂದಿತು. ನಾಲ್ಕನೆಯದು 2018ರಲ್ಲಿ 48 ಅಂತ ಬರೆದುಕೊಟ್ಟಿತು. ಈಗ ಐದನೆಯದು, ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ 2023ರಲ್ಲಿ ಆದದ್ದು. ಅಂಕಿ ಏರಿದೆ. ಆದರೆ ಸಂಬಳವನ್ನೂ ಅದೇ ಪಾಲಿನೊಳಗೆ ಸೇರಿಸಿ ಎಣಿಸಿದರೆ 36 ಆದರೇನು, 48 ಆದರೇನು? ನಮ್ಮ ಡೋಂಗಲ್ಲಿಗೆ ಏನೂ ಗೊತ್ತಾಗುವುದಿಲ್ಲ.

ಇನ್ನು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಕತೆ. ಕೊನೆಯ ಚುನಾವಣೆ ಆದದ್ದು 2016ರ ಫೆಬ್ರವರಿಯಲ್ಲಿ. 2021ರ ಬೇಸಿಗೆಗೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ಪಟ್ಟಿ. ಇದು ಒಂದೇ ಪಕ್ಷದ ತಪ್ಪಲ್ಲ. 2021ರಲ್ಲಿ ಒಬ್ಬರಿದ್ದರು, 2023ರಿಂದ ಇನ್ನೊಬ್ಬರು. ಈ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಪಕ್ಷ! ಐದು ವರ್ಷದೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನವೇ ಹೇಳುತ್ತದೆ. ಅದು ಹಾಗಿರಲಿ, ನಾನು ದುಡ್ಡಿನ ಮಾತಾಡುತ್ತೇನೆ. ಗೆದ್ದ ಸದಸ್ಯರಿಲ್ಲದ ಪಂಚಾಯಿತಿಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬರುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲೆಯ ಪಾಲು ವರ್ಷ ವರ್ಷ ಹೀಗೇ ಹೋಯಿತು. ದೆಹಲಿಯವರು ನಮ್ಮ ತೆರಿಗೆ ಪಾಲು ಕೊಡುವುದಿಲ್ಲ ಅಂತ 2024ರ ಫೆಬ್ರವರಿಯಲ್ಲಿ ಜಂತರ್ ಮಂತರಿನಲ್ಲಿ ನಮ್ಮ ಸರ್ಕಾರ ಧರಣಿ ಕೂತಿತು. ಸರಿಯಾಗಿಯೇ ಕೇಳಿದಿರಿ. ಟಿವಿಯಲ್ಲಿ ನೋಡುತ್ತಾ ನಾನೂ ತಲೆಯಾಡಿಸಿದೆ. ಹಾಗೆಯೇ ನಾವು ನಿಮ್ಮನ್ನು ಕೇಳಲು ಬೆಂಗಳೂರಿನಲ್ಲಿ ಎಲ್ಲಿ ಕೂರಬೇಕು ಅಂತಲೂ ಯೋಚನೆ ಬಂತು.

ನಡುವಿನ ಎರಡು ಮೆಟ್ಟಿಲು ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಎರಡು ಪಂಚಾಯಿತಿ ನಡುವಿನ ಒಂದು ಸಣ್ಣ ಸೇತುವೆಗೆ ಮೊದಲು ಜಿಲ್ಲಾ ಪಂಚಾಯಿತಿ ಮೆಂಬರ್ ಹತ್ತಿರ ಹೋಗುತ್ತಿದ್ದೆವು. ಈಗ ತಾಲ್ಲೂಕು ಪಂಚಾಯಿತಿಯ ಅಧಿಕಾರಿ ಇಒ ಅವರನ್ನು ಕೇಳಿದರೆ ಜಿಲ್ಲಾ ಪಂಚಾಯಿತಿಯ ಸಿಇಒ ಅನ್ನುತ್ತಾರೆ, ಅಲ್ಲಿ ಕೇಳಿದರೆ ಶಾಸಕರನ್ನು ಕಾಣಿ ಅನ್ನುತ್ತಾರೆ. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇದೆ. ಅವರ ಮನೆ ಮುಂದೆ ಬೆಳಿಗ್ಗೆ ಆರಕ್ಕೇ ಜನ. ಅಲ್ಲಿ ಹಕ್ಕಿನ ಮಾತು ನಡೆಯುವುದಿಲ್ಲ, ಪರಿಚಯ ನಡೆಯುತ್ತದೆ.

ನಮ್ಮ ತಪ್ಪನ್ನೂ ಹೇಳಬೇಕು. ಮನೆ ಕಂದಾಯ ನಾವು ಸರಿಯಾಗಿ ವಸೂಲಿ ಮಾಡುವುದಿಲ್ಲ. ಓಟು ಹಾಕಿದವರ ಮನೆಗೆ ಹೋಗಿ ಕಟ್ಟು ಅನ್ನುವುದು ಕಷ್ಟ. ನಾನು ಅಧ್ಯಕ್ಷೆಯಾಗಿದ್ದಾಗ ಕಂದಾಯ ಪರಿಷ್ಕರಣೆ ವಿಷಯ ಎರಡು ಸಭೆಯಲ್ಲಿ ಬಂತು, ಎರಡು ಸಲವೂ ಮುಂದಕ್ಕೆ ಹಾಕಿದೆ. ಧೈರ್ಯ ಸಾಲಲಿಲ್ಲ. ಆದರೆ ಆ ರಸೀದಿಯನ್ನೂ ಒಮ್ಮೆ ನೋಡಿ. ನೂರು ರೂಪಾಯಿ ಕಂದಾಯದ ಮೇಲೆ ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ವಸೂಲಿಯ ಬೈಗುಳ ನಮಗೆ, ಭಿಕ್ಷುಕರ ಕರದಂಥದ್ದು ಮೇಲಕ್ಕೆ. ಒಬ್ಬ ಅಜ್ಜ ರಸೀದಿಯನ್ನು ಕಣ್ಣಿಗೆ ಹಿಡಿದು ಓದಿಸಿಕೊಂಡು, "ಈ ಭಿಕ್ಷುಕರ ದುಡ್ಡು ನಮ್ ಪಂಚಾಯ್ತಿಗೆ ಯಾವಾಗಮ್ಮ ಬರೋದು?" ಅಂತ ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿಯೋ, ಇವತ್ತಿಗೂ ಗೊತ್ತಾಗಿಲ್ಲ.

ಕೊಡುವ ದುಡ್ಡೂ ಹೊತ್ತಿಗೆ ಬರುವುದಿಲ್ಲ. ವಾರ್ಡ್ ಸಭೆ, ಗ್ರಾಮಸಭೆ ಮಾಡಿ, ನಮ್ಮ ಗ್ರಾಮ ನಮ್ಮ ಯೋಜನೆ ಅಂತ ಪುಟಗಟ್ಟಲೆ ಬರೆದು ಅಪ್‌ಲೋಡ್ ಮಾಡುತ್ತೇವೆ. ಕಂತು ಬರುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಚರಂಡಿ ಹೂಳು ತೆಗೆಯಬೇಕಾದದ್ದು ಮಳೆಗೆ ಮುಂಚೆ. ದುಡ್ಡು ಬರುವುದು ಡೆಂಗಿ ಬಂದು ಹೋದ ಮೇಲೆ. ಮಾರ್ಚ್ ಕೊನೆಯ ವಾರ ಎಂಜಿನಿಯರ್ ರಾತ್ರಿ ಹತ್ತಕ್ಕೆ ಕೂತು ಎಂ.ಬಿ., ಅಂದರೆ ಕಾಮಗಾರಿಯ ಅಳತೆ ಪುಸ್ತಕ ಬರೆಯುವುದನ್ನು ನೋಡಿದರೆ, ಕೆಲಸ ಹೇಗೆ ಆಗಿರುತ್ತದೆ ಅಂತ ನಾನು ಹೇಳಬೇಕಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಖ್ಯವಾದದ್ದು ಕರೆಂಟಿನದು. ಕುಡಿಯುವ ನೀರಿನ ಮೋಟಾರನ್ನು ಕನಿಷ್ಠ ಪಕ್ಷ ತೋಟದ ಮೋಟಾರಿನ ಸಮಕ್ಕೆ ನೋಡಿ. ಪೂರ್ತಿ ಮಾಫಿ ಕಷ್ಟ ಅನ್ನುವುದಾದರೆ ಹಳೇ ಬಾಕಿಯ ಬಡ್ಡಿಯನ್ನಾದರೂ ಬಿಡಿ. ಬತ್ತಿದ ಬೋರುಗಳ ಮೀಟರುಗಳನ್ನು ಒಂದೇ ಸಲ ಪರಿಶೀಲಿಸಿ ತೆಗೆಸಿ. ಉಳಿದ ಪಂಪುಗಳಿಗೆ ಸೋಲಾರ್ ಹಾಕಿಸಲು ಈ ಬಜೆಟ್ಟಿನಲ್ಲಿ ಒಂದು ಮೊತ್ತ ಇಡಿ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರ ಬಂದಿಲ್ಲ.

ಐದನೇ ರಾಜ್ಯ ಹಣಕಾಸು ಆಯೋಗ ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಬಜೆಟ್ ದಿನವೇ ಕನ್ನಡದಲ್ಲಿ ಹೇಳಿ. ಪಂಚಾಯಿತಿ ಪಾಲಿನ ಲೆಕ್ಕದಿಂದ ಸಂಬಳವನ್ನು ಹೊರಗಿಡಿ. ಪಾಲು ಸಣ್ಣದಾಗಿ ಕಂಡರೆ ಕಾಣಲಿ, ನಮಗೆ ನಿಜವಾದ ಅಂಕಿ ಸಾಕು. ಕಟ್ಟಿದ ಪ್ರತಿ ನೀರಿನ ಯೋಜನೆಯ ಜೊತೆ ಅದರ ರಿಪೇರಿ ದುಡ್ಡನ್ನೂ ಬರೆಯಿರಿ. ಕನಿಷ್ಠ ವೇತನ ಏರಿಸಿದರೆ ಅದೇ ಆದೇಶದಲ್ಲಿ ಅನುದಾನವನ್ನೂ ಏರಿಸಿ. ಮೊದಲ ಕಂತು ಮುಂಗಾರಿಗೆ ಮುಂಚೆ ಬರಲಿ.

ಚುನಾವಣೆ ನಿಮ್ಮ ಖಾತೆಯ ವಿಷಯ ಅಲ್ಲ ಅನ್ನಬಹುದು. ಆದರೆ ಚುನಾವಣೆ ಇಲ್ಲದಿದ್ದರೆ ಅನುದಾನವೂ ಇಲ್ಲ, ಮತ್ತು 2026ರ ಏಪ್ರಿಲ್‌ನಿಂದ ಕೇಂದ್ರದ 16ನೇ ಹಣಕಾಸು ಆಯೋಗದ ಅವಧಿ. ಹಿಂದಿನ ಅವಧಿಯಲ್ಲಿ ಕಳೆದುಕೊಂಡದ್ದು ಎಷ್ಟು ಅಂತ ನಿಮ್ಮ ಇಲಾಖೆಗೇ ಚೆನ್ನಾಗಿ ಗೊತ್ತು. ದಯವಿಟ್ಟು ಆ ಒಂದು ಅಂಕಿಯನ್ನು ಸಂಪುಟ ಸಭೆಯ ಮುಂದೆ ಇಡಿ. ನಮ್ಮ ಅವಧಿ ಮುಗಿದ ಮೇಲೆ ಗ್ರಾಮ ಪಂಚಾಯಿತಿಗಳಿಗೂ ಅದೇ ಗತಿ ಆಗದಂತೆ ನೋಡಿಕೊಳ್ಳಿ.

ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಬಜೆಟ್ ದಿನ ಲಿಂಕ್ ಪುಸ್ತಕ ಬರುತ್ತದಲ್ಲ, ಅಷ್ಟು ಹೊತ್ತಿಗೆ ನಾನು ಸದಸ್ಯೆ ಆಗಿರುತ್ತೇನೋ ಇಲ್ಲವೋ. ಆದರೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಮಕೂರು ಜಿಲ್ಲೆಯ ಪುಟ ತೆಗೆದು ನೋಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯೆ